ಅಣ್ಣನ ಪಾಲಿನ ಒಂದು ತಂಬಿಗೆ ನೀರು

ಹೆದರುವುದರಲ್ಲಿ ನನ್ನನ್ನು ಮೀರಿಸಿದವರು ಕಿತ್ತೂರಿನಲ್ಲಿ ಯಾರೂ ಇಲ್ಲ. ಉಳಿದವರು ಚಹಾ ಕುಡಿದು ದಿನ ಆರಂಭಿಸಿದರೆ ನಾನು ಹೆದರಿ ಆರಂಭಿಸುತ್ತೇನೆ. ಇಂಥವನ ಕೈಗೆ ಜವಾಬ್ದಾರಿ ಕೊಡಬಾರದು. ಆದರೆ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಬೆಳಗಾವಿಗೆ ಡಯಾಲಿಸಿಸ್‌ಗೆ ಓಡಾಡುವಂತಾದಾಗ ಮನೆಯವರು ಅವನ ನೀರನ್ನು ನನಗೆ ಒಪ್ಪಿಸಿದರು. ದಿನಕ್ಕೆ ಒಂದು ಸಣ್ಣ ತಂಬಿಗೆ, ಹೆಚ್ಚಾದರೆ ಎದೆಗೆ ಅಪಾಯ ಎಂದು ಡಾಕ್ಟರು ಹೇಳಿದ್ದರು.

ಅಂದಿನಿಂದ ನಾನು ಪೊಲೀಸನಾದೆ. ನೀರಿನ ಕೊಡ ಅಟ್ಟಕ್ಕೇರಿತು. ಅಣ್ಣ ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು ಕಿವಿಗೊಟ್ಟೆ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ಹತ್ತಿರ ಬಸ್ಸು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಅಣ್ಣ ಕಿಟಕಿಯಿಂದ ಕಬ್ಬು ನೋಡುತ್ತಿದ್ದ. ಎಲ್ಲಿ ಕೈಹಾಕಿ ಒಂದು ಗಳ ಎಳೆದುಬಿಡುತ್ತಾನೋ ಎಂದು ನಾನು ಅವನನ್ನು ನೋಡುತ್ತಿದ್ದೆ. ಇಷ್ಟಾದರೂ ಅವನ ಕಾಲು ಬಾತವು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ.

"ಕದ್ದು ಕುಡಿಯಾಕ ಹತ್ತೀಯಲ್ಲ?" ಎಂದೆ.

"ಮೀಸಿ ಮುಟ್ಟಿ ನೋಡೋ ತಮ್ಮಾ. ಒಣಗಿ ಕಸಬರಿಗಿ ಆಗೇತಿ," ಎಂದ. ನಾನು ನಿಜವಾಗಿ ಮುಟ್ಟಿ ನೋಡಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮುಂದಿನ ಸಲ ಆಸ್ಪತ್ರೆಯ ಬಾಗಿಲಲ್ಲೇ ಅವನಿಗೆ ಏದುಸಿರು ಬಂತು. ಸ್ಕ್ಯಾನಿಂಗ್ ಕೋಣೆಗೆ ಒಯ್ಯುವಷ್ಟು ಪುರಸೊತ್ತಿಲ್ಲವೆಂದು ಲೇಡಿ ಡಾಕ್ಟರು, ನಾವು ಡಾಕ್ಟರ್ ಬಾಯಿ ಎನ್ನುವವರು, ಯಂತ್ರವನ್ನೇ ಮಂಚದ ಹತ್ತಿರ ತಳ್ಳಿಸಿಕೊಂಡು ಬಂದರು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಹಿಡಿಕೆಯಂಥದನ್ನು ಒತ್ತಿದರು. ಪರದೆಯ ಮೇಲೆ ಅಣ್ಣನ ಹೃದಯ ಕಂಡಿತು. ಅರವತ್ತು ವರ್ಷ ನಮ್ಮನ್ನೆಲ್ಲ ಗದರಿಸಿದ ಆ ಹೃದಯ, ಏರಿನಲ್ಲಿ ಕಬ್ಬಿನ ಹೇರು ಎಳೆಯುವ ಮುದಿ ಟ್ರ್ಯಾಕ್ಟರಿನಂತೆ ತೇಕುತ್ತಿತ್ತು.

"ಹೃದಯಕ್ಕ ರಕ್ತ ತರೋ ಈ ದೊಡ್ಡ ನರ ನೋಡ್ರಿ. ಉಸಿರು ಎಳಕೊಂಡಾಗ ಸಣ್ಣ ಆಗಬೇಕು. ತುಂಬಿ ಬಿಗದು ನಿಂತೈತಿ. ಎಷ್ಟು ನೀರು ಕೊಡತೀರಿ?"

"ಒಂದ ತಂಬಿಗಿ ರೀ. ನಾನ ಅಳದು ಕೊಡತೇನಿ," ಎಂದೆ ಎದೆಯುಬ್ಬಿಸಿ.

"ಮಜ್ಜಿಗಿ?"

"ಅದು ಊಟದಾಗ ಬಂತಲ್ರಿ ಬಾಯಾರ."

"ಅಂಬಲಿ?"

"ಮುಂಜಾನಿ ಎರಡು ವಾಟಗ. ಅಶಕ್ತ ಆಗ್ಯಾನಲ್ರಿ."

"ಸಾರು?"

ಗಟ್ಟಿ ರೊಟ್ಟಿ ನುಂಗಲಾಗದೆಂದು ತಟ್ಟೆ ತುಂಬ ಸಾರು ಸುರಿದು ನೆನೆಸಿ ಕೊಡುತ್ತಿದ್ದವನೂ ನಾನೇ. ನಮ್ಮ ಕಡೆ ನೀರೆಂದರೆ ತಂಬಿಗೆಯದು. ಅಂಬಲಿ, ಮಜ್ಜಿಗೆ, ಸಾರು ಊಟ. ಊಟ ಕಡಿಮೆ ಮಾಡೆಂದು ಯಾರೂ ಹೇಳಿರಲಿಲ್ಲ.

ಆಮ್ಲಜನಕದ ಮುಖವಾಡ ಸರಿಸಿ ಅಣ್ಣ ಹೇಳಿದ: "ಕಳ್ಳ ಸಿಕ್ಕನ್ರಿ ಬಾಯಾರ. ಮನ್ಯಾಗ ಪೊಲೀಸನೂ ಇವನ."

ಡಯಾಲಿಸಿಸ್ ಮುಗಿದ ಮೇಲೆ ಮತ್ತೆ ನೋಡಿದಾಗ ಆ ನರ ಉಸಿರಿನೊಡನೆ ಸಣ್ಣಗಾಗುತ್ತಿತ್ತು. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು, "ನಂದೂ ಒಮ್ಮಿ ನೋಡ್ರಿ, ಎದಿ ಭಾಳ ಹೊಡಕೊಳ್ಳಾಕ ಹತ್ತೇತಿ," ಎಂದೆ. "ಅವನದು ಬ್ಯಾಡ್ರಿ, ಹೆದರಿಕಿ ತುಂಬಿ ಯಂತ್ರ ಕೆಟ್ಟೀತು," ಎಂದ ಅಣ್ಣ.

ಮುಂದಿನ ಕಬ್ಬಿನ ಹಂಗಾಮಿನವರೆಗೆ ಅವನು ಬದುಕಿದ. ಹೃದಯ ಮೊದಲೇ ದಣಿದಿತ್ತೆಂದು ಡಾಕ್ಟರ್ ಬಾಯಿ ಸಮಾಧಾನ ಹೇಳಿದರು. ಅದರಲ್ಲಿ ನನ್ನ ಅಂಬಲಿಯ ಪಾಲೆಷ್ಟು ಎಂದು ಕೇಳಬೇಕೆಂದಿದ್ದೆ. ಹೇಳಿಬಿಟ್ಟಾರೆಂದು ಹೆದರಿ ಕೇಳಲಿಲ್ಲ.

ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವ ಕೆಲಸ ಈಗಲೂ ನನ್ನದೇ. ತಂಬಿಗೆಯನ್ನು ಅರ್ಧವೇ ತುಂಬಿಸುತ್ತೇನೆ. ಜಿಪುಣನೆಂದು ಅವರು ಅಂದುಕೊಳ್ಳುತ್ತಾರೆ. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ಬಂದು, ನನ್ನ ಮುಖ ನೋಡದೆ, ಉಳಿದರ್ಧ ತುಂಬಿಸಿ ಹೋಗುತ್ತಾರೆ.