ಗರಗಸದ ಅತ್ತೆ

ನನ್ನ ಸೋದರತ್ತೆಗೆ ಮನುಷ್ಯರ ಗುರುತು ಹತ್ತುವುದಿಲ್ಲ. ಕಣ್ಣು ಚೆನ್ನಾಗಿವೆ, ನೆನಪೂ ಗಟ್ಟಿ. ಆದರೆ ಎದುರಿಗೆ ನಿಂತವರ ಮನೆಯಲ್ಲಿ ಯಾವ ಮರವಿದೆ ಎಂದು ತಿಳಿಯುವವರೆಗೆ ಅವರು ಅವಳ ಪಾಲಿಗೆ ಹುಟ್ಟಿಯೇ ಇಲ್ಲ! ಗುಡಗೇರಿ ಸಂತೆಯಲ್ಲಿ ಒಮ್ಮೆ ನಮ್ಮ ದೂರದ ಬೀಗರು ಸಿಕ್ಕು ಕೈ ಮುಗಿದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನಿಯವರ್ರಿ?" ಎಂದಳು. ಅವರು ಹೆಸರು ಹೇಳಿದರು, ಅಡ್ಡಹೆಸರು ಹೇಳಿದರು, ತಮ್ಮ ಮಗಳ ಮದುವೆಯಲ್ಲಿ ಅತ್ತೆ ಎರಡೆರಡು ಸಲ ಹಾಕಿಸಿಕೊಂಡ ಹೋಳಿಗೆಯನ್ನೂ ನೆನಪಿಸಿದರು. ಊಹೂಂ. ಕೊನೆಗೆ ನಾನೇ, "ಅತ್ತಿ, ಹಿತ್ತಲದಾಗ ಗೆದ್ದಲ ಹತ್ತಿದ ಹುಣಸಿ" ಎಂದೆ.

"ಅಯ್ಯ, ನೀವೇನ್ರಿ! ಆರಾಮ ಐತೇನ್ರಿ?" ಅತ್ತೆಯ ಮುಖ ಅರಳಿತು.

ಬೀಗರು "ನಾ ಆರಾಮದೀನ್ರಿ" ಎಂದರು. ಪಾಪ, ಅತ್ತೆ ಕೇಳಿದ್ದು ಹುಣಸೆಯನ್ನು!

ಈ ಹುಚ್ಚು ಹತ್ತಿದ್ದಕ್ಕೆ ಕಾರಣ ಒಂದು ಪುಕ್ಕಟೆ ಊಟ. ಸ್ವಸಹಾಯ ಸಂಘದ ಹೆಂಗಸರು ಮರಗಳ ಆರೈಕೆಯ ತರಬೇತಿಗೆಂದು ಧಾರವಾಡಕ್ಕೆ ಹೊರಟಾಗ, ಊಟ ಅವರದೇ ಎಂಬ ಸುದ್ದಿ ಕೇಳಿ ಅತ್ತೆಯೂ ಟೆಂಪೋ ಹತ್ತಿದಳು. ಉಳಿದವರೆಲ್ಲ ಉಂಡು ಬಂದರು, ಇವಳು ಗರಗಸ ಹಿಡಿದು ಬಂದಳು. ಅಂದಿನಿಂದ ಆ ಮಡಚುವ ಗರಗಸ ಇಳಕಲ್ ಸೀರೆಯ ಸೊಂಟದಲ್ಲಿ, ಎಲೆಅಡಿಕೆ ಚೀಲದ ಬಾಜುವಿಗೆ ಕಾಯಮ್ಮಾಗಿ ಬಿಡಾರ ಹೂಡಿತು. ಆಮೇಲೆ ಮೊಬೈಲು ಬಂತು. ಯಾವ ಯಾವುದೋ ದೇಶದ ಗಂಡಸರು ಹಗ್ಗ ಕಟ್ಟಿಕೊಂಡು ಮರ ಹತ್ತಿ ಕೊಂಬೆ ಕೊಯ್ಯುವ ವಿಡಿಯೋಗಳನ್ನು ಅತ್ತೆ ಊಟ ಮರೆತು ನೋಡತೊಡಗಿದಳು.

"ಅವರ ಭಾಷಾ ನಿನಗ ತಿಳಿತೈತೇನ ಅತ್ತಿ?" ಎಂದೆ.

"ಅವರ ಬಾಯಿ ಯಾಕ ನೋಡ್ತೀಯಲೇ? ಕೈ ನೋಡು!" ಎಂದಳು.

ಕಲಿಯುವುದೇನೋ ಒಳ್ಳೆಯದೇ. ಆದರೆ ಕಲಿತದ್ದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಅತ್ತೆಯ ಮೊದಲ ವಿದ್ಯಾರ್ಥಿ ಅವಳ ಗಂಡ, ನಮ್ಮ ಮಾಮಾ. ಆತ ಪೇರಲ ಗಿಡದ ಬುಡಕ್ಕೆ ನೀರು ಸುರಿದರೆ, "ಬುಡದಾಗ ಬಾಯಿ ಐತೇನ್ರಿ ಅದಕ್ಕ? ಕೊಂಬಿ ನೆರಳ ಎಲ್ಲಿ ಮುಗಿತೈತಿ, ಅಲ್ಲಿ ಹಾಕ್ರಿ" ಎಂದು ಒಳಗಿನಿಂದಲೇ ಗದರುತ್ತಾಳೆ. ನೆರಳೆಂದರೆ ನಟ್ಟನಡು ಮಧ್ಯಾಹ್ನದ ನೆರಳು ಎಂದು ಹೇಳುವುದನ್ನು ಅವಳು ಮರೆತಳು. ಮಾಮಾ ಹೆಂಡತಿಯ ಮಾತು ಮೀರಿದವನಲ್ಲ. ಹೀಗಾಗಿ ಬೆಳಿಗ್ಗೆ ಕೊಡ ಹಿಡಿದು ನೆರಳಿನ ಬೆನ್ನು ಹತ್ತಿದ ಮನುಷ್ಯ ಪಕ್ಕದ ಮನೆಯವರ ಕಟ್ಟಿಗೆ ರಾಶಿಗೆ ನೀರುಣಿಸಿ ಬಂದ.

ನನಗೆ ಹೆಣ್ಣು ನೋಡಲು ನವಲಗುಂದಕ್ಕೆ ಹೋದದ್ದಂತೂ ಕೇಳಲೇಬೇಡಿ. ಜಮಖಾನೆ ಹಾಸಿ ಕೂಡಿಸಿದರು, ಅವಲಕ್ಕಿ ಬಂತು, ಹುಡುಗಿ ಬಂದಳು. ಅತ್ತೆ ಮಾತ್ರ ಮಾಯ! ಹುಡುಕಿದರೆ ಹಿತ್ತಲಲ್ಲಿದ್ದಾಳೆ. ಬಟ್ಟೆ ಒಣಹಾಕುವ ತಂತಿಯನ್ನು ನುಗ್ಗೆ ಮರಕ್ಕೆ ಬಿಗಿದು ಸುತ್ತಿದ್ದರು, ಅದು ತೊಗಟೆಯೊಳಗೆ ಹೂತುಹೋಗಿತ್ತು. ಹೆಣ್ಣಿನ ತಂದೆಯನ್ನು ಹಿಡಿದು ನಿಲ್ಲಿಸಿ, "ನಿಮ್ಮ ಕುತಗಿಗೆ ಹಿಂಗ ಬಿಗದರ ಅವಲಕ್ಕಿ ಇಳಿತೈತೇನ್ರಿ?" ಎನ್ನುತ್ತಿದ್ದಳು. ಸಂಬಂಧ ಮುರಿಯಿತು ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಹುಡುಗಿ ತಟ್ಟೆ ಕೆಳಗಿಟ್ಟು, ಇಕ್ಕಳ ತಂದು ತಂತಿ ಕತ್ತರಿಸಿದಳು. ಅತ್ತೆ ಒಳಗೆ ಬಂದು "ಹುಡುಗಿ ಪಾಸ್!" ಎಂದು ಸಾರಿದಳು. ಆ ಹುಡುಗಿಯೇ ಈಗ ನನ್ನ ಹೆಂಡತಿ. ಹುಡುಗ ಪಾಸೋ ಫೇಲೋ ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಹೋದ ಬೇಸಿಗೆಯಲ್ಲಿ ಗರಗಸದ ಅತ್ತೆ ಹಾರೆ ಹಿಡಿದಳು.

ಅತ್ತೆಯನ್ನು ಕೊಟ್ಟದ್ದು ನಮ್ಮ ಊರಲ್ಲೇ, ಓಣಿ ದಾಟಿದರೆ ತವರು. ನನ್ನ ಅಪ್ಪ ಅವಳಿಗೆ ಒಬ್ಬನೇ ತಮ್ಮ. ಮದುವೆಯಾದಾಗಿನಿಂದ ಬೆಳಗಿನ ಚಹಾ ಅವಳಿಗೆ ನಮ್ಮ ಮನೆಯದೇ ಆಗಬೇಕು. ಮನೆಯ ಮುಂದೊಂದು ಹಳೆಯ ಬೇವು. ಅಪ್ಪನಿಗೆ ಅದರ ಮೇಲೆ ಇನ್ನಿಲ್ಲದ ಪ್ರೀತಿ. ಆ ಪ್ರೀತಿಯಿಂದಲೇ ಅದರ ಬೊಡ್ಡೆಗೆ ಹತ್ತುವಂತೆ ಸಿಮೆಂಟ್ ಸುರಿಸಿ, ಮೇಲೆ ಗ್ರಾನೈಟ್ ಕೂಡಿಸಿ, ಚಂದದ ಕಟ್ಟೆ ಕಟ್ಟಿಸಿದ. ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗತೊಡಗಿದವು. "ಉಸರ ಕಟ್ಟೇತಿ ಅದಕ್ಕ, ಒಡಸು" ಎಂದಳು ಅತ್ತೆ. "ನಿನ್ನ ಸಾಲಿ ನಿನ್ನ ಮನ್ಯಾಗ ಇಟಗೊ" ಎಂದ ಅಪ್ಪ. ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬರುವಷ್ಟರಲ್ಲಿ ಅರ್ಧ ಕಟ್ಟೆ ಅಂಗಳದಲ್ಲಿ ಬಿದ್ದಿತ್ತು, ಅತ್ತೆ ಹಾರೆ ಹಿಡಿದು ಏದುಸಿರು ಬಿಡುತ್ತಿದ್ದಳು.

"ಇನ್ನ ಈ ಮನಿ ಹೊಸ್ತಲಾ ತುಳೀಬ್ಯಾಡ!"

"ನೀನ ಬಂದು ಕರಿಯೂತನಾ ತುಳಿಯೂದಿಲ್ಲೋ!"

ಇಬ್ಬರೂ ಒಂದೇ ಹೊಟ್ಟೆಯವರು, ಬಿಡುತ್ತಾರೆಯೇ? ಮರುದಿನದಿಂದ ಅತ್ತೆ ಬರಲಿಲ್ಲ. ಓಣಿಯ ತುದಿಯಲ್ಲಿ ನಿಂತು ಬೇವನ್ನು ನೋಡಿ ಹಿಂತಿರುಗುತ್ತಿದ್ದಳು. ನಮ್ಮವ್ವ ರೂಢಿಯಂತೆ ಒಂದು ಲೋಟ ಚಹಾ ಹೆಚ್ಚಿಗೆ ಮಾಡುವಳು, ಅಪ್ಪ ಅದನ್ನೂ ತಾನೇ ಕುಡಿದು ಎಲ್ಲರ ಮೇಲೂ ಸಿಡಿಮಿಡಿ ಮಾಡುವನು. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿಗೂ ಅತ್ತೆ ಬರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಅಪ್ಪ ಹೊತ್ತು ಮುಳುಗಿದ ಮೇಲೆ ಮೊಬೈಲು ಹಿಡಿದು ಹಿತ್ತಲು ಸೇರುತ್ತಿದ್ದ. ಕೇಳಿದರೆ "ಭಜನಿ ನೋಡಾಕತ್ತೇನಿ" ಎನ್ನುತ್ತಿದ್ದ.

ದಸರೆ ಬಂತು. ನಮ್ಮ ಕಡೆ ಅಂದು ಬನ್ನಿ ಎಲೆಯೇ ಬಂಗಾರ. ಜಗಳವಾಡಿದವರೂ ಅದನ್ನು ಒಬ್ಬರಿಗೊಬ್ಬರು ಕೊಟ್ಟು "ಬಂಗಾರದಂಗ ಇರೂಣು" ಎನ್ನಬೇಕು. ಈ ಸೌಹಾರ್ದಕ್ಕಾಗಿ ಊರಿಗೆ ಊರೇ ಮುಗಿಬಿದ್ದು ಬನ್ನಿ ಮರದ ಕೈಕಾಲು ಮುರಿಯುತ್ತದೆ! ಈ ಸಲ ಅತ್ತೆ ಗೌಡರನ್ನು ಹಿಡಿದಳು. ಅವರ ಹಿತ್ತಲ ಮಾವು ಇವಳ ಗರಗಸ ತಾಗಿದ ಮೇಲೆಯೇ ಹಣ್ಣು ಬಿಟ್ಟಿತ್ತು, ಆ ಹಣ್ಣು ತಿಂದ ಬಾಯಿಗೆ ಒಲ್ಲೆ ಎನ್ನಲು ಬರಲಿಲ್ಲ. ಯಾರೂ ಮರ ಮುಟ್ಟಬಾರದು, ಅತ್ತೆಯೇ ಕೊಯ್ದು ಹಂಚುತ್ತಾಳೆ ಎಂದು ಡಂಗುರವಾಯಿತು. ಬನ್ನಿ ಬೇಕಾದವರು ಅವಳ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದು ಸಾಲು ನಿಂತ ಮೇಲೆ ತಿಳಿಯಿತು.

"ಕೊಂಬಿ ಕೊಯ್ದ ಗಾಯಕ್ಕ ಏನ ಬಳೀಬೇಕ್ರಿ?" ಮೊದಲ ಪ್ರಶ್ನೆ ಗೌಡರಿಗೇ.

"ಸಗಣಿ."

"ಫೇಲ್! ಏನೂ ಬಳೀಬಾರದ್ರಿ, ಅದು ತಾನ ಮುಚಗೊಂತೈತಿ. ಹಿಂದ ಹೋಗಿ ನಿಂದರ್ರಿ."

ಗೌಡರು ರುಮಾಲು ಸರಿಮಾಡಿಕೊಂಡು ಸಾಲಿನ ತುದಿಗೆ ನಡೆದರು. ಮುಂದಿನವನು ಆಲದ ಮರಕ್ಕೆ ಅಂಗಡಿಯ ಬೋರ್ಡು ಹೊಡೆದವನು. ಅವನಿಗೆ ಪ್ರಶ್ನೆಯೇ ಇಲ್ಲ. "ಮೊಳಿ ಕಿತಗೊಂಡು ಬಾ" ಎಂದಳು. ಅವನು ಓಡಿದ.

ಹೀಗೆ ನಡೆದಿರುವಾಗ ಸಾಲಿನಲ್ಲಿ ಅಪ್ಪನ ಪಾಳಿ ಬಂತು. ಅವನು ಯಾವಾಗ ಬಂದು ನಿಂತನೋ ನಾನೂ ನೋಡಿರಲಿಲ್ಲ. ಎಲೆ ಹಂಚುವ ಭರದಲ್ಲಿ ಅತ್ತೆ ತಲೆ ಎತ್ತದೆಯೇ ಕೇಳಿದಳು: "ಯಾರ ಮನಿಯವ?"

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. "ಬೇವಿನ ಮರದ ಮನಿಯವ."

ಅತ್ತೆಯ ಕೈ ನಿಂತಿತು. ತಲೆ ಮಾತ್ರ ಎತ್ತಲಿಲ್ಲ. ಅಂದಿನ ಎಲ್ಲಕ್ಕಿಂತ ಕಠಿಣ ಪ್ರಶ್ನೆ ಹಾಕಿದಳು: "ದಪ್ಪ ಕೊಂಬಿ ಹೆಂಗ ಕೊಯ್ಬೇಕು?"

ಅಪ್ಪ ಕೈಕಟ್ಟಿ ನಿಂತು ಒಪ್ಪಿಸಿದ. "ಮೊದಲ ಕೆಳಗಿಂದ ಸ್ವಲ್ಪ ಕೊಯ್ಬೇಕು, ತೊಗಟಿ ಸೀಳಬಾರದಂತ. ಆಮ್ಯಾಲ ಒಂದೀಟ ಆಚೆ ಸರದು ಮ್ಯಾಲಿಂದ ಕೊಯ್ದು ಕೆಡವಬೇಕು. ಕಡೀಕ ಉಳದ ತುಂಡು ತಗೀಬೇಕು, ಬುಡದ ಉಬ್ಬು ಮುಟ್ಟಬಾರದು." ಅಲ್ಲಿಗೆ ನಿಲ್ಲಿಸದೆ, "ಉಳದರ್ಧ ಕಟ್ಟಿ ನಾನ ಒಡದೇನಿ ಅಕ್ಕಾ. ಬೇವು ಚಿಗತೇತಿ. ಮನಿಗೆ ಬಾ" ಎಂದು ಕಾಲಿಗೆ ಬಗ್ಗಿದ.

ಅವನ ಭಜನೆಯ ಗುಟ್ಟು ನನಗೆ ಆಗ ತಿಳಿಯಿತು.

ಅತ್ತೆ ಗರಗಸ ಕೆಳಗಿಟ್ಟಳು. ತಮ್ಮನನ್ನು ಎತ್ತಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದು, ಬಹಳ ಹೊತ್ತು ನೋಡಿದಳು. "ಎಷ್ಟ ಸೊರಗೀಯೋ ತಮ್ಮಾ" ಎಂದಳು. ಇಬ್ಬರೂ ಅತ್ತರು. ಸಾಲಿನಲ್ಲಿದ್ದ ನಾನೂ ಅತ್ತುಬಿಟ್ಟೆ, ಮುಚ್ಚಿಡುವುದೇನು!

ಮನೆಯ ದಾರಿಯುದ್ದಕ್ಕೂ ಅಪ್ಪ ಬೇವಿನ ವರ್ತಮಾನ ಹೇಳುತ್ತಲೇ ಇದ್ದ. ಬೇರಿಗೆ ಹಾರೆ ತಾಗಿಸಿಲ್ಲ, ಹೊಸ ಮಣ್ಣು ಹಾಕಿದ್ದೇನೆ, ನೀರು ನೆರಳಿನ ಅಂಚಿಗೇ ಬಿಡುತ್ತೇನೆ. ಮರದ ಮುಂದೆ ನಿಂತು, "ನೋಡಬೇ ಅಕ್ಕಾ, ಹೆಂಗ ಚಿಗತೇತಿ!" ಎಂದು ಕೈ ತೋರಿಸಿದ.

ಅತ್ತೆ ಆ ಕಡೆ ನೋಡಲೇ ಇಲ್ಲ. ತಮ್ಮನ ಕೈ ಹಿಡಿದುಕೊಂಡೇ ಹೊಸ್ತಿಲು ದಾಟಿ, ಅಡುಗೆಮನೆಯತ್ತ ಕೂಗಿದಳು: "ಇವಗ ಮೊದಲ ಊಟಕ್ಕ ನೀಡ್ರಿ."