ಬೆಟಗೇರಿಯ ಬೆರಳು ಹಿಡಿಯುವ ಟವೆಲ್

"ಈ ಟವೆಲ್ಲಿನ ಕೆಳಗ ಕೈ ಇಡವ್ವಾ ಸುಲೋಚನಾ, ಅಂಜಬ್ಯಾಡ" ಎಂದು ನಮ್ಮ ಭಾವ ಹೇಳಿದಾಗ ನಾನು ಮೊದಲು ಮಾಡಿದ ಕೆಲಸ, ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡದ್ದು.

ಅಂಜಬೇಡ ಎಂದು ಅವರು ಹೇಳಿದಾಗಲೆಲ್ಲ ಅಂಜುವುದು ನಮ್ಮ ಮನೆಯಲ್ಲಿ ರೂಢಿ. ಭಾವ ಎಂದರೆ ನನ್ನ ಗಂಡನ ಅಣ್ಣ ಗುರುಸಂಗಪ್ಪ. ಆಯುಷ್ಯವೆಲ್ಲ ಬೆಟಗೇರಿಯ ಪವರ್‌ಲೂಮುಗಳನ್ನು ರಿಪೇರಿ ಮಾಡಿ, ಈಗ ಕೆಲಸ ಬಿಟ್ಟು, ಚೆನ್ನಾಗಿರುವುದನ್ನೆಲ್ಲ ರಿಪೇರಿ ಮಾಡುತ್ತಾರೆ. ಅವರ ರೊಟ್ಟಿ ಬಡಿಯುವ ಯಂತ್ರ ಗೋಡೆಗೆ ಹೊಡೆದ ರೊಟ್ಟಿಗಳನ್ನು ಸೌಟಿನಿಂದ ಕೆರೆದು ತೆಗೆದವಳು ನಾನೇ.

ಈ ಸಲದ ಯಂತ್ರ ನೋಡಲು ಬಿಳಿ ಟವೆಲ್, ಕೆಂಪು ಅಂಚು. ಅದನ್ನು ತಾವೇ ಮಗ್ಗದ ಮೇಲೆ ನೇಯ್ದಿದ್ದರು. ನೂಲಿನ ನಡುನಡುವೆ ಕೂದಲಿನಷ್ಟು ತೆಳ್ಳಗಿನ ತಂತಿ. ಅಂಚಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಚಿಪ್, ಒಂದು ಬ್ಯಾಟರಿ, ಒಂದು ಮೈಕು. ಟವೆಲ್ಲಿನ ಕೆಳಗೆ ಒಬ್ಬರು ಇನ್ನೊಬ್ಬರ ಎಷ್ಟು ಬೆರಳು ಹಿಡಿದರೆಂದು ದೂರದ ರೇಡಿಯೊ ಹೇಳುತ್ತದಂತೆ. ಹೆಸರು 'ಹಸ್ತವಾಣಿ'.

ಕೊನೆಗೆ ಅವರ ಹೆಂಡತಿ ನೀಲಕ್ಕ ಮತ್ತು ನಾನು ಟವೆಲ್ಲಿನ ಕೆಳಗೆ ಕೈ ಇಟ್ಟೆವು. ನಾನು ನೀಲಕ್ಕನ ಮೂರು ಬೆರಳು ಹಿಡಿದೆ. ಅಡುಗೆಮನೆಯಲ್ಲಿದ್ದ ರೇಡಿಯೊ ಗಂಡಸಿನ ದನಿಯಲ್ಲಿ "ಮೂರು" ಎಂದಿತು. ಭಾವ ಎದೆ ಉಬ್ಬಿಸಿದರು. ರೇಡಿಯೊ ಅಲ್ಲಿಗೇ ನಿಲ್ಲಬೇಕಿತ್ತು.

"ಮೂರು. ಆದ್ರ ಕೋಡು ಸೊಟ್ಟ ಅದಾವ. ಬಾಯಿ ತೆಗಸ್ರಿ, ಹಲ್ಲು ನೋಡೂಣು" ಎಂದಿತು.

"ಯಾರ ಹಲ್ಲು?" ಎಂದು ನೀಲಕ್ಕ ಕೇಳಿದಳು. ಭಾವ ಎದೆಯನ್ನು ಮೊದಲಿನ ಅಳತೆಗೆ ಇಳಿಸಿಕೊಂಡರು.

ವಿಷಯ ಇಷ್ಟೇ. ಯಂತ್ರಕ್ಕೆ ಬೆರಳಿನ ಲೆಕ್ಕ ಕಲಿಸಲು ಭಾವ ಅದನ್ನು ದನದ ಸಂತೆಯ ದಲಾಲಿ ಈರಪ್ಪಜ್ಜನಿಗೆ ಉಡುಗೊರೆ ಎಂದು ಕೊಟ್ಟು, ಕೆಲವು ಸಂತೆ ಕಳೆದ ಮೇಲೆ ತೊಳೆದು ತರುವೆನೆಂದು ವಾಪಸು ತಂದಿದ್ದರು. ಎತ್ತಿನ ವ್ಯಾಪಾರದಲ್ಲಿ ಬಾಯಿ ಬಿಟ್ಟು ಬೆಲೆ ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಕೇಳಬೇಕು. ಒಪ್ಪಿಗೆಯಾದರೆ ಇಬ್ಬರೂ "ಆತು" ಅನ್ನಬೇಕು. ಆತು ಎಂದ ಮೇಲೆ ಆಕಾಶ ಕಳಚಿ ಬಿದ್ದರೂ ವ್ಯಾಪಾರ ಮುರಿಯುವಂತಿಲ್ಲ. ಹಸ್ತವಾಣಿ ಲೆಕ್ಕ ಕಲಿತಿತ್ತು, ಜತೆಗೆ ಈರಪ್ಪಜ್ಜನ ದನಿಯನ್ನೂ ಮಾತನ್ನೂ ಕಲಿತಿತ್ತು.

ಇಷ್ಟೆಲ್ಲ ಯಾಕೆ ಎಂದರೆ, ಲಲಿತಾಳಿಗಾಗಿ.

ಲಲಿತಾ ನಮ್ಮ ಓಣಿಯ ಹುಡುಗಿ. ಹಾಕಿಯಲ್ಲಿ ಅವಳು ಹೊಡೆದ ಪೆನಾಲ್ಟಿ ಕಾರ್ನರ್ ತಡೆಯುವ ಗೋಲ್‌ಕೀಪರ್ ಜಿಲ್ಲೆಯಲ್ಲಿಲ್ಲ. ತಡೆಯುತ್ತಿದ್ದುದು ನಮ್ಮ ಕಿಟಕಿಯ ಗಾಜು ಮಾತ್ರ, ಅದೂ ಒಡೆದುಕೊಂಡು. ಹಾಕಿ ಮೈದಾನ ನಮ್ಮ ಮನೆಯ ಹಿಂದೆಯೇ ಇದೆ. ಅವಳ ತಾಯಿ ಕಸ್ತೂರವ್ವ ಮಗ್ಗದ ಕುಣಿಯಲ್ಲಿ ಕೂತು ಕೂತು ಮೊಣಕಾಲು ಕಳೆದುಕೊಂಡವಳು. ಬಸ್ಸು ಹತ್ತಲಾರಳು. ನಮ್ಮ ಮಾಳಿಗೆಗೆ ಮಾತ್ರ ಹೇಗೋ ಕೂತು ಎದ್ದು ಹತ್ತಿ ಬಂದು, ಮಗಳ ಆಟ ನೋಡುತ್ತಾಳೆ.

ಈ ವರ್ಷದಿಂದ ಲಲಿತಾ ದೊಡ್ಡವರ ಲೀಗಿಗೆ ಬಂದಿದ್ದಳು. ಅಲ್ಲಿ ಆಟಗಾರ್ತಿ ತನ್ನ ತಂಡವನ್ನು ತಾನೇ ಆರಿಸುವಂತಿಲ್ಲ. ಆರು ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಹೋದ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ಹುಬ್ಬಳ್ಳಿಯವರು ಚೆನ್ನಾಗಿ ಸೋತು ಮೊದಲ ಸರದಿ ಗಳಿಸಿದ್ದರು. ನಮ್ಮ ಬೆಟಗೇರಿ ತಂಡ ಬುದ್ಧಿಯಿಲ್ಲದೆ ಗೆದ್ದೂ ಗೆದ್ದೂ ಎರಡನೆಯ ಸ್ಥಾನಕ್ಕೆ ಏರಿ, ಐದನೆಯ ಸರದಿಗೆ ಬಿದ್ದಿತ್ತು. ಲಲಿತಾ ಐದನೆಯ ತನಕ ಉಳಿಯುವ ಮಾತೇ ಇರಲಿಲ್ಲ.

ತಿರಕಪ್ಪನ ಚಹಾದಂಗಡಿಯಲ್ಲಿ ತಿಂಗಳಿಂದ ಇದೇ ಮಾತು. ಸರದಿಯನ್ನು ಅದಲುಬದಲು ಮಾಡಿಕೊಳ್ಳಲು ಲೀಗಿನಲ್ಲಿ ಅವಕಾಶವಿದೆ. ನಮ್ಮ ಐದನೆಯದನ್ನು ಹುಬ್ಬಳ್ಳಿಗೆ ಕೊಟ್ಟು ಮೊದಲನೆಯದನ್ನು ತರಬೇಕಾದರೆ, ಮೇಲೆ ಎಷ್ಟು ಮಂದಿ ಆಟಗಾರ್ತಿಯರನ್ನು ಕೊಡಬೇಕು? ಒಬ್ಬರು ಎರಡು ಎಂದರು, ಇನ್ನೊಬ್ಬರು ನಾಲ್ಕು ಎಂದರು. ಹುಬ್ಬಳ್ಳಿ ಮ್ಯಾನೇಜರ್ ಅಬ್ಬಿಗೇರಿಯವರು ಮೊನ್ನೆ ಬೆಟಗೇರಿಗೆ ಬಂದು ಸೀರೆ ಖರೀದಿಸಿದ್ದಕ್ಕೆ ಏನೋ ಅರ್ಥವಿದೆ ಎಂದು ಮತ್ತೊಬ್ಬರು ಕಂಡುಹಿಡಿದರು. ಸೀರೆಯ ಬಣ್ಣದ ಮೇಲೆಯೇ ಒಂದು ಸಂಜೆ ಜಗಳವಾಯಿತು. ಹಸಿರು ಎಂದರೆ ಒಪ್ಪಿಗೆಯೆಂದೂ, ಹಸಿರಲ್ಲ ಅದು ಗಿಣಿಬಣ್ಣ, ಆದ್ದರಿಂದ ಇನ್ನೂ ಯೋಚಿಸುತ್ತಿದ್ದಾರೆಂದೂ ಎರಡು ಪಕ್ಷಗಳಾದವು. ಇಂಥ ಮಾತು ಆಡಿ ಗಂಟಲು ಹರಿದುಕೊಂಡು ಮನೆಗೆ ಬರುವವರಲ್ಲಿ ನನ್ನ ಗಂಡನೂ ಒಬ್ಬರು.

ಈ ಊಹೆಗಳಿಗೆಲ್ಲ ಕಾರಣ ಈರಪ್ಪಜ್ಜನೇ. ಲೀಗಿನ ಅಧ್ಯಕ್ಷ ಅವನು. ಬಾಯಲ್ಲಿ ಚೌಕಾಶಿ ಮಾಡಿದರೆ ತಂಡಗಳು ಕೋಲು ಎತ್ತಿಕೊಳ್ಳುತ್ತವೆಂದು ಮೊದಲ ವರ್ಷವೇ ಕಂಡು, ಸರದಿಯ ವ್ಯಾಪಾರವೂ ಟವೆಲ್ಲಿನ ಕೆಳಗೇ ಆಗಬೇಕೆಂದು ಗೊತ್ತುಮಾಡಿದ್ದ. ಎಷ್ಟು ಬೆರಳು ಹಿಡಿದರೆ ಅಷ್ಟು ಆಟಗಾರ್ತಿಯರು. ಒಪ್ಪಿದ ಮೇಲಷ್ಟೇ ಹೊರಗಿನವರಿಗೆ ಗೊತ್ತಾಗಬೇಕು. ಆ ಟವೆಲ್ಲನ್ನು ನೇಯ್ದು ಕೊಡುವ ಮರ್ಯಾದೆ ಪ್ರತಿ ವರ್ಷ ಬೆಟಗೇರಿಯದು, ಈ ವರ್ಷ ಅದನ್ನು ಭಾವ ಕೇಳಿ ಪಡೆದಿದ್ದರು.

"ಹಂಗಾದ್ರ ಇದು ಕಳ್ಳತನ" ಎಂದೆ ನಾನು.

"ಕೇಳಿಸಿಕೊಳ್ಳೂದು ಕಳ್ಳತನ ಹ್ಯಾಂಗಾಕ್ಕತವ್ವಾ? ಮೊದಲನೇ ಸರದಿ ಧಾರವಾಡದವರೂ ಕೇಳಾಕತ್ತಾರ. ಅವರ ಜೋಡಿ ಹುಬ್ಬಳ್ಳಿಯಾಂವ ಎಷ್ಟಕ್ಕ ನಿಂತಾನ ಅನ್ನೂದು ತಿಳದ್ರ ಸಾಕು. ನಮ್ಮ ಮಾಸ್ತರಗ ಅಂದಾಜು ಸಿಗತೈತಿ" ಎಂದರು ಭಾವ.

ಮಾಸ್ತರ ಎಂದರೆ ನಮ್ಮ ತಂಡದ ಮ್ಯಾನೇಜರ್ ಫಕ್ಕೀರಪ್ಪ. ನಾನು ಕನ್ನಡ ಕಲಿಸುವ ಶಾಲೆಯಲ್ಲೇ ಆಟದ ಮಾಸ್ತರರು. ಸುಳ್ಳು ಹೇಳಲು ಬಾರದ ಮನುಷ್ಯ. ಆದ್ದರಿಂದ ಅವರಿಗೆ ಏನೂ ಹೇಳಬಾರದೆಂದು ತೀರ್ಮಾನವಾಯಿತು. ಇಬ್ಬರಿಗಿಂತ ಹೆಚ್ಚು ಆಟಗಾರ್ತಿಯರನ್ನು ಕೊಟ್ಟರೆ ತಂಡ ಮುರಿಯುತ್ತದೆಂದು ಅವರು ಎಲ್ಲರಿಗೂ ಹೇಳಿಬಿಟ್ಟಿದ್ದರು, ಹುಬ್ಬಳ್ಳಿಯವರಿಗೂ.

ಆ ಸಂಜೆಯೇ ಭಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಚಹಾದಂಗಡಿಗೆ ಹೋದರು. ತಿರಕಪ್ಪ ಮಿರ್ಚಿ ಕರಿದ ಎಣ್ಣೆಗೈಯನ್ನು ಅದಕ್ಕೆ ಒರೆಸಿದ. ಟವೆಲ್ ಅವನ ತೋರುಬೆರಳನ್ನು ಗಪ್ಪನೆ ಹಿಡಿದುಕೊಂಡಿತು! ನೂಲಿನ ನಡುವಿನ ತಂತಿ ಕರೆಂಟು ಹರಿದರೆ ಕುಗ್ಗುವ ಜಾತಿಯದೆಂದು ಭಾವ ನಮಗೆ ಹೇಳಿರಲಿಲ್ಲ. ಎಳೆದಷ್ಟೂ ಬಿಗಿಯಾಯಿತು. ನನ್ನ ಗಂಡ, ಇನ್ನಿಬ್ಬರು ಸೇರಿ ತಿರಕಪ್ಪನನ್ನು ಒಂದು ಕಡೆಗೂ ಟವೆಲ್ಲನ್ನು ಇನ್ನೊಂದು ಕಡೆಗೂ ಎಳೆದರು. ಭಾವನ ಕಿಸೆಯೊಳಗಿನ ರೇಡಿಯೊ "ಒಂದು. ಅದಕ್ಕಿಂತ ಮ್ಯಾಲ ಹೋಗೂದಿಲ್ಲ. ಆತು ಅನ್ನು" ಎನ್ನುತ್ತಿತ್ತು. ತಿರಕಪ್ಪ "ಆತಪಾ, ಆತು" ಎಂದ. ಬೆರಳು ಬಿಡುಗಡೆಯಾಯಿತು.

ಆಮೇಲೆ ಅವನಿಗೆ ಸಮಾಧಾನವಾಗಲಿಲ್ಲ. ಟವೆಲ್ಲಿನೊಳಗೆ ಕೈಯಿಟ್ಟು ಆತು ಎಂದುಬಿಟ್ಟಿದ್ದೇನೆ, ಯಾವುದಕ್ಕೆ ಎಂದು ತಿಳಿಯದಿದ್ದರೂ ಮಾತು ಮಾತೇ ಎಂದು ಒಂದು ಪ್ಲೇಟ್ ಮಿರ್ಚಿಯನ್ನು ಟವೆಲ್ಲಿನ ಮುಂದಿಟ್ಟು ಕೈಮುಗಿದ. ಮಿರ್ಚಿಯನ್ನು ಭಾವ ತಿಂದರು.

"ಕರೆಂಟ್ ಅರ್ಧಕ್ಕ ಇಳಿಸೇನಿ, ಇನ್ನ ಹಿಡಿಯೂದಿಲ್ಲ" ಎಂದು ಮರುದಿನ ಹೇಳಿದರು. ನಾನು ಈ ಗೊಡವೆಯೇ ಬೇಡವೆಂದು ಕೂತಿದ್ದೆ. ಅಷ್ಟರಲ್ಲಿ ಕಸ್ತೂರವ್ವ ಗೋಡೆ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದಳು. ಲಲಿತಾ ಯಾವ ತಂಡಕ್ಕೆ ಹೋದರೂ ಚೆನ್ನಾಗಿ ಆಡಲಿ, ತನ್ನ ಕಾಲಿನ ಚಿಂತೆ ಅವಳಿಗೆ ಬೇಡ ಎಂದಳು. ಎದ್ದು ಹೋಗುವಾಗ ಮಾಳಿಗೆಯ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ನನಗೆ ಸಂಕಟವಾಯಿತು. ರೇಡಿಯೊವನ್ನು ತಂದು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಡ್ರಾಫ್ಟಿನ ದಿನ ನೇಕಾರರ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಹಿಡಿಸದವರು ಕಿಟಕಿಗಳಿಗೆ ಜೋತುಬಿದ್ದು ಅಲ್ಲಿಂದಲೇ ಊಹೆ ನಡೆಸಿದ್ದರು. ಕರೆಂಟು ಹೋಗಿ ಫ್ಯಾನುಗಳು ನಿಂತಿದ್ದವು. ಎಲ್ಲರ ಮೈಯಿಂದ ಬೆವರು ಇಳಿಯುತ್ತಿತ್ತು. ಈರಪ್ಪಜ್ಜ ಮೀಸೆ ತಿರುವುತ್ತ ಟವೆಲ್ಲನ್ನು ಎತ್ತಿ ತೋರಿಸಿ, ಬೆಟಗೇರಿಯ ನೇಯ್ಗೆಯನ್ನು ಹೊಗಳಿದ. ಭಾವ ನಾಚಿಕೊಂಡರು.

ಮೊದಲು ಧಾರವಾಡದವರು ಹುಬ್ಬಳ್ಳಿಯ ಅಬ್ಬಿಗೇರಿಯವರ ಜತೆ ಕೈ ಸೇರಿಸಿದರು. ನನ್ನ ಕಿವಿಯ ಇಯರ್‌ಫೋನಿನಲ್ಲಿ ಈರಪ್ಪಜ್ಜನ ದನಿ "ಐದು" ಎಂದಿತು. ಆಮೇಲೆ "ಎರಡು". ಮತ್ತೆ "ಐದು". "ಮೂರು". "ಐದು." ಅಬ್ಬಿಗೇರಿ ಅಲುಗಲಿಲ್ಲ. ಧಾರವಾಡದವರು ತಲೆ ಅಲ್ಲಾಡಿಸಿ ಕೈ ತೆಗೆದರು. ನಾನು ಭಾವನತ್ತ ನೋಡಿ ಐದೂ ಬೆರಳು ಬಿಚ್ಚಿ ತೋರಿಸಿದೆ. ಅವರ ಮುಖ ಇಳಿದುಹೋಯಿತು. ಕೊಡಬಹುದಾದದ್ದು ಎರಡು, ಕೇಳುವುದು ಐದು. ಇದನ್ನು ತಿಳಿಯಲು ಯಂತ್ರವಾದರೂ ಯಾಕೆ ಬೇಕಿತ್ತು? ಇನ್ನೊಂದು ಕಡೆ ಆಟಗಾರ್ತಿಯರ ಬೆಂಚಿನ ಮೇಲೆ ಲಲಿತಾ ನೆಲ ನೋಡುತ್ತ ಕೂತಿದ್ದಳು.

ಫಕ್ಕೀರಪ್ಪ ಮಾಸ್ತರರು ಸೋತ ಮುಖದಿಂದಲೇ ಹೋಗಿ ಟವೆಲ್ಲಿನ ಕೆಳಗೆ ಕೈ ಇಟ್ಟರು. ಅಷ್ಟು ಹೊತ್ತಿಗೆ ಅಬ್ಬಿಗೇರಿಯವರ ಬೆವರಿಗೆ ಟವೆಲ್ ಪೂರಾ ತೊಯ್ದಿತ್ತು. ಬೆವರೆಂದರೆ ಉಪ್ಪುನೀರು, ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಅರ್ಧಕ್ಕೆ ಇಳಿಸಿದ್ದೆಲ್ಲ ಪೂರ್ತಿಗೆ ಏರಿತ್ತು. ಇದನ್ನು ಭಾವ ಆಮೇಲೆ ವಿವರಿಸಿದರು. ಆಗ ನಮಗೆ ಕಂಡದ್ದು, ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದದ್ದು ಮಾತ್ರ.

ಟವೆಲ್ ಇಬ್ಬರ ಒಂದೊಂದು ಬೆರಳನ್ನು ಹಿಡಿದಿತ್ತು. ಈ ಮನುಷ್ಯ ಒಬ್ಬಳನ್ನು ಮಾತ್ರ ಕೊಡುತ್ತೇನೆನ್ನುತ್ತಾನೆ, ಎಂಥ ಧೈರ್ಯ ಎಂದು ಅಬ್ಬಿಗೇರಿಯವರಿಗೆ ಸಿಟ್ಟು. ಇವರು ಒಬ್ಬಳನ್ನು ಮಾತ್ರ ಕೇಳುತ್ತಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ಮಾಸ್ತರರಿಗೆ ಕಣ್ಣೀರು. ಪದ್ಧತಿಯಂತೆ ಬಾಯಿ ಬಿಡುವಂತಿಲ್ಲ. ಅಬ್ಬಿಗೇರಿ ಕೈ ಎಳೆದರು. ಟವೆಲ್ ಬಿಗಿಯಿತು. ಅವರು ಕುರ್ಚಿಯಿಂದ ಎದ್ದು ಎಳೆದರು, ಕಾಲು ಮೇಜಿಗೆ ಕೊಟ್ಟು ಎಳೆದರು. ಮಾಸ್ತರರು ಕೂಡ ಮೇಜಿನ ಮೇಲೆ ಅರ್ಧ ಎಳೆದುಹೋದರೂ ನಗುತ್ತಲೇ ಇದ್ದರು. ಕಿಟಕಿಯಲ್ಲಿ ಜೋತಾಡುವವರು ಇದು ಐದಕ್ಕೂ ಮೀರಿದ ವ್ಯಾಪಾರವೆಂದು ನಿರ್ಧರಿಸಿದರು.

ಚೆನ್ನಾಗಿ ಕಾಣಲೆಂದು ನಾನೂ ಎದ್ದು ನಿಂತೆ. ಇಯರ್‌ಫೋನಿನ ತಂತಿ ಕಿತ್ತು ಬಂತು.

"ಒಂದು! ಮುದಿ ಎತ್ತಿಗೆ ಇದ ಹೆಚ್ಚಾತು. ಹಲ್ಲು ಸವದಾವ, ಬಾಲ ಉದರೇತಿ. ಆತು ಅನ್ನು" ಎಂದು ನನ್ನ ವ್ಯಾನಿಟಿ ಬ್ಯಾಗು ಇಡೀ ಸಭಾಭವನಕ್ಕೆ ಕೇಳುವಂತೆ ಕೂಗಿತು.

ಎಲ್ಲರೂ ನನ್ನ ಕಡೆ ತಿರುಗಿದರು. ರೇಡಿಯೊದಲ್ಲಿ ರೈತರ ಕಾರ್ಯಕ್ರಮ ಬರುತ್ತಿದೆ ಎಂದೆ. ಕನ್ನಡ ಟೀಚರ್ ಎಂದರೆ ಜನ ನಂಬುತ್ತಾರೆ. ಅಬ್ಬಿಗೇರಿಯವರು ಮಾತ್ರ ಬಾಲ ಉದುರಿದ ಮಾತು ತಮಗೇ ಅಂದದ್ದೆಂದು ಭಾವಿಸಿದರೋ ಏನೋ, ಬೆರಳು ನೀಲಿಯಾಗಿ, ಧೈರ್ಯ ಬತ್ತಿ, "ಆತು" ಎಂದರು. ಮಾಸ್ತರರು ಅವರಿಗಿಂತ ಮೊದಲೇ ಆತು ಎಂದಿದ್ದರು. ಕೈಗಳು ಬಿಟ್ಟವು.

ಒಬ್ಬಳೇ ಆಟಗಾರ್ತಿಗೆ ಮೊದಲ ಸರದಿ! ಯಾರೆಂದು ಹೇಳುವ ಹಕ್ಕು ಕೊಡುವವರದು. ಮಾಸ್ತರರು ಗೋಲ್‌ಕೀಪರ್ ನಿರ್ಮಲಾಳ ಹೆಸರು ಹೇಳಿದರು. ಅವಳು ಮುಂದಿನ ತಿಂಗಳು ಹೇಗೂ ಮದುವೆಯಾಗಿ ಹುಬ್ಬಳ್ಳಿಗೆ ಹೋಗುವವಳು. ನಿರ್ಮಲಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು.

ಅಬ್ಬಿಗೇರಿಯವರಿಗೆ ಬೆರಳಿಗೆ ರಕ್ತ ಬಂದಂತೆ ಧೈರ್ಯವೂ ಬಂತು. "ಇದು ಒಪ್ಪಂದ ಅಲ್ರಿ ಅಜ್ಜಾರ. ಈ ಮಾಸ್ತರ ನನ್ನ ಬೆರಳು ಮುರದು ಆತು ಅನಿಸ್ಯಾನ" ಎಂದರು. ನಾನು ಮುಟ್ಟಿಯೇ ಇಲ್ಲ, ನೀವೇ ನನ್ನ ಬೆರಳು ಹಿಡಿದಿರಿ ಎಂದರು ಮಾಸ್ತರರು. ಸುಳ್ಳು ಹೇಳದ ಮನುಷ್ಯನೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಹಿಡಿದವರು ಯಾರು? ಭಾವ ಬಾಗಿಲು ಎಷ್ಟು ದೂರವಿದೆ ಎಂದು ಅಳೆಯುತ್ತಿದ್ದರು. ಲಲಿತಾ ತಲೆ ಎತ್ತಿ ಈರಪ್ಪಜ್ಜನನ್ನೇ ನೋಡುತ್ತಿದ್ದಳು.

ವ್ಯಾಪಾರ ರದ್ದು ಮಾಡುವುದೋ ಬಿಡುವುದೋ ಅಧ್ಯಕ್ಷನೇ ಹೇಳಬೇಕು. ಈರಪ್ಪಜ್ಜ ಹಣೆಯ ಬೆವರು ಒರೆಸಿಕೊಂಡು ಯೋಚಿಸೋಣವೆಂದು, ಕೈಗೆ ಸಿಕ್ಕ ಟವೆಲ್ಲಿನಿಂದಲೇ ಮುಖ ಒರೆಸಿದ. ಟವೆಲ್ ಅವನ ಮೀಸೆಯನ್ನು ಮೂಗಿನ ಸಮೇತ ಹಿಡಿಯಿತು.

"ಆತು ಅನ್ನು" ಎಂದಿತು ನನ್ನ ಬ್ಯಾಗು, ಅವನದೇ ದನಿಯಲ್ಲಿ.

ಅಜ್ಜ ಬೆಚ್ಚಿ ನನ್ನತ್ತ ನೋಡಿದ. ಕೈಯಿಂದ ಟವೆಲ್ಲನ್ನು ತಡವಿದ. ಅದರ ಹಿಡಿತವನ್ನು ಮೂಗಿನಿಂದಲೇ ಅಳೆದ. ಆಮೇಲೆ ಅವನ ಕಣ್ಣುಗಳು ಸಣ್ಣದಾಗಿ ನಕ್ಕವು.

"ಆತು" ಎಂದ, ಮೂಗಿನಿಂದ.

ಆತು ಎಂದ ಮೇಲೆ ಮುಗಿಯಿತು. ಕಿಟಕಿಗಳಿಂದ ಜನ ಒಳಗೆ ಉದುರಿದರು. ಅಬ್ಬಿಗೇರಿಯವರ ಮಾತು ಯಾರಿಗೂ ಕೇಳಿಸಲಿಲ್ಲ. ಬೆಟಗೇರಿ ಮೊದಲ ಸರದಿಯಲ್ಲಿ ಲಲಿತಾಳ ಹೆಸರು ಕೂಗಿತು. ಆ ಹುಡುಗಿ ಓಡಿಬಂದು, ಮಾಸ್ತರರನ್ನೂ ಬಿಟ್ಟು, ಯಾಕೋ ನನ್ನನ್ನು ತಬ್ಬಿಕೊಂಡಳು. ನಾನು ಅತ್ತೆ. ನನ್ನ ಬ್ಯಾಗು "ಹೂಡ್ರಿ ಬಂಡಿಗೆ" ಎಂದಿತು.

ಗದ್ದಲದ ನಡುವೆ ಈರಪ್ಪಜ್ಜ ಭಾವನ ಹತ್ತಿರ ಬಂದು, ಕೆಂಪಾದ ಮೂಗು ಸವರಿಕೊಳ್ಳುತ್ತ ಹೇಳಿದ: "ಈ ಹಿಡಿತ ನಂದಽ ಗುರುಸಂಗಪ್ಪಾ. ಇದು ಹಿಡದ ವ್ಯಾಪಾರ ಇವತ್ತಿನ ತನಕ ಮುರದಿಲ್ಲ. ಆದ್ರ ಮುಂದಿನ ವರ್ಷ ಟವೆಲ್ ನಾನ ತರತೇನಿ, ಅಂಗಡ್ಯಾಗಿಂದ."

ಟವೆಲ್ ಈಗ ನೀಲಕ್ಕನ ವಶದಲ್ಲಿದೆ. ಭಾವ ಹೊಸ ಯಂತ್ರದ ಮಾತೆತ್ತಿದಾಗ ಅದನ್ನು ಒದ್ದೆ ಮಾಡಿ ತಂದು, ಕೈ ಇಡಿರಿ ಎನ್ನುತ್ತಾಳೆ. ಆತು ಎನ್ನುವ ತನಕ ಬಿಡುವುದಿಲ್ಲ, ಯಾವುದಕ್ಕೆಂದು ಹೇಳುವುದೂ ಇಲ್ಲ. ಹೀಗಾಗಿ ನಮ್ಮ ನೀರಿನ ಟಾಕಿ ಸ್ವಚ್ಛವಾಗಿದೆ.

ಮೊದಲ ಪಂದ್ಯಕ್ಕೆ ಕಸ್ತೂರವ್ವನನ್ನು ಕುರ್ಚಿಯ ಸಮೇತ ಮಾಳಿಗೆಗೆ ಹೊತ್ತೆವು. ಲಲಿತಾ ಪೆನಾಲ್ಟಿ ಕಾರ್ನರಿನಲ್ಲಿ ಎರಡು ಗೋಲು ಹೊಡೆದಳು, ಎರಡೂ ಸಲ ಕೋಲೆತ್ತಿ ನಮ್ಮ ಮಾಳಿಗೆಯ ಕಡೆ ತೋರಿಸಿದಳು. ಕಸ್ತೂರವ್ವ ಮೊಣಕಾಲು ಮರೆತು ಎದ್ದು ನಿಂತಿದ್ದಳು. ಮೂರನೆಯ ಹೊಡೆತ ಗೋಲಿನ ಮೇಲಿಂದ ಹಾರಿ ನಮ್ಮ ಕಿಟಕಿಯ ಗಾಜು ಒಡೆಯಿತು. ಇಷ್ಟು ವರ್ಷ ಬಾಯ್ತುಂಬ ಬೈಯುತ್ತಿದ್ದೆ. ಈಗ ನಮ್ಮದೇ ತಂಡದವಳು, ಚಪ್ಪಾಳೆ ಹೊಡೆಯಬೇಕಾಯಿತು.