ಮಗ್ಗದಿಂದ ಇಳಿಯದ ಮಾಮಾ

ಹೋದ ಶ್ರಾವಣದವರೆಗೂ ನಮ್ಮ ಮಾಮಾನ ಮೈಯಲ್ಲಿ ಒಂದೇ ಒಂದು ಕಾಯಿಲೆ ಇರಲಿಲ್ಲ. ಇರುವುದಾದರೂ ಹೇಗೆ? ಹುಡುಕಲು ಯಾವ ಡಾಕ್ಟರಿಗಾದರೂ ಬಿಟ್ಟಿದ್ದರೆ ತಾನೆ!

ಮಾಮಾ ಎಂದರೆ ನಮ್ಮ ಅಕ್ಕನ ಗಂಡ. ವಯಸ್ಸು ಐವತ್ಮೂರು, ಊರು ಬನಹಟ್ಟಿ, ಕೆಲಸ ಸೀರೆ ನೇಯುವುದು. ಓಣಿಗೆ ಓಣಿಯೇ ಪವರ್‌ಲೂಮಿಗೆ ತಿರುಗಿದರೂ ಇವರು ಮಾತ್ರ ಅಪ್ಪನ ಕಾಲದ ಕುಣಿಮಗ್ಗ ಬಿಟ್ಟವರಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಬಲಗೈ ಲಾಳಿಯ ಹಗ್ಗ ಜಗ್ಗುತ್ತದೆ, ಎಡಗೈ ಹಲಗೆ ಬಡಿಯುತ್ತದೆ, ಕಾಲುಗಳು ಕೆಳಗೆ ತುಳಿಯುತ್ತವೆ, ಬಾಯಿ ಊರವರ ತಪ್ಪು ಹುಡುಕುತ್ತದೆ. ಗೋಡೆಯ ಆಚೆ ಕೋಣೆಯಲ್ಲಿ ಅವರ ತಾಯಿ, ನಾವೆಲ್ಲ ಆಯಿ ಎನ್ನುವ ಎಂಬತ್ತು ದಾಟಿದ ಮುದುಕಿ, ಲಾಳಿಯೊಳಗಿಡುವ ಕಂಡಿಕೆಗೆ ರಾಟಿಯಲ್ಲಿ ನೂಲು ಸುತ್ತುತ್ತಾ ಕೂತಿರುತ್ತಾರೆ. ಆಯಿಗೆ ಕಣ್ಣು ಅಷ್ಟಕ್ಕಷ್ಟೆ. ಬೆರಳಿನ ಅಂದಾಜಿನಲ್ಲೇ ಕೆಲಸ.

ಮಾಮಾನ ವೇಳಾಪಟ್ಟಿ ನಮ್ಮ ಶಾಲೆಯ ಗಂಟೆಗಿಂತ ಖಚಿತ. ಬೆಳಿಗ್ಗೆ ಎಂಟರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಆರು. ಈ ವೇಳೆಯಲ್ಲಿ ಆ ಮಗ್ಗ ನಿಂತದ್ದನ್ನು ಕಂಡವರಿಲ್ಲ. ಮಗಳನ್ನು ನೋಡಲು ಮುಧೋಳದಿಂದ ಬೀಗರು ಹತ್ತೂವರೆಗೆ ಬಂದರು ನೋಡಿ, ಪಾಪ, ಹಿರಿಯರೆಲ್ಲ ಕುಣಿಯ ಸುತ್ತ ಜಮಖಾನೆ ಹಾಸಿಕೊಂಡು ಕೂತೇ ಮಾತುಕತೆ ಮುಗಿಸಬೇಕಾಯಿತು! ಬೀಗರು ಏಳುವ ಹೊತ್ತಿಗೆ ಸೀರೆ ಒಂದು ಗೇಣು ಬೆಳೆದಿತ್ತು. ಇದೆಂಥ ಹುಚ್ಚು ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಇನ್ನು ತಪ್ಪು ಹುಡುಕುವ ವಿಷಯ. ಯಾರದೇ ಬಟ್ಟೆಯಾಗಲಿ, ಹೆಬ್ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ಒಂದಾದರೂ ಕುಂದು ತೆಗೆಯದಿದ್ದರೆ ಅವರಿಗೆ ಉಂಡ ಅನ್ನ ಕರಗದು. ರಬಕವಿಯ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ವೇದಿಕೆ ಹತ್ತಿದವರು, ಅಕ್ಷತೆ ಕೈಯಲ್ಲೇ ಹಿಡಿದುಕೊಂಡು ವರನ ಶಲ್ಯದ ತುದಿ ಎತ್ತಿ, "ಇಲ್ಲೊಂದ ಎಳಿ ಹೋಗೇತಿ ನೋಡ್ರಿ. ಯಾವ ಅಂಗಡ್ಯಾಗ ತಂದ್ರಿ?" ಎಂದರು. ಆ ಮದುವೆಯ ಫೋಟೋದಲ್ಲಿ ವರ ನಗುತ್ತಿಲ್ಲ.

ಇಂಥವರನ್ನು ನಾನೊಮ್ಮೆ ಕೇಳಿಯೇ ಬಿಟ್ಟೆ. "ಮಾಮಾ, ಊರ ಮಂದಿ ಅರಿವಿ ಎಲ್ಲಾ ತಪಾಸಣಿ ಮಾಡತೀರಿ. ನಿಮ್ಮ ಮೈ ಯಾವಾಗ ತೋರಸತೀರಿ?"

ಲಾಳಿ ಓಡುತ್ತಲೇ ಇತ್ತು. "ಲೇ ಮಾಸ್ತರ, ಸೀರಿ ತಪಾಸಣಿ ಮಾಡೂದು ಮಗ್ಗದಿಂದ ಇಳಿಸಿದ ಮ್ಯಾಲೆ. ನನ್ನ ಇನ್ನೂ ಇಳಿಸಿಲ್ಲ."

ಜಮಖಂಡಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳ ಉತ್ತರ ತಿದ್ದಿದ ನಾನು ಇದಕ್ಕೆ ಪೂರ್ತಿ ಅಂಕ ಕೊಟ್ಟೆ. ನನಗೂ ನಲವತ್ತಾರು, ನಾನೂ ಬಿಪಿ, ಸಕ್ಕರೆ ಎಂದು ಯಾರ ಮುಂದೂ ತೋಳು ಚಾಚಿದವನಲ್ಲ. ಆದರೆ ಈ ಬರಹ ನನ್ನ ಬಗ್ಗೆ ಅಲ್ಲವಲ್ಲ!

ಶ್ರಾವಣಕ್ಕೆ ಸ್ವಲ್ಪ ಮೊದಲು ಅವರ ಓಣಿಯ ಸಮುದಾಯ ಭವನದಲ್ಲಿ ನಲವತ್ತು ದಾಟಿದ ಗಂಡಸರಿಗೆಂದು ಪುಕ್ಕಟೆ ತಪಾಸಣೆ ಇಟ್ಟರು. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಉಪವಾಸ ಇರಬೇಕು ಎಂದು ಸಾರಿದ್ದರು. ಅಕ್ಕ ಅತ್ತೂ ಕರೆದೂ ಮಾಮಾನನ್ನು ಒಪ್ಪಿಸಿ, ನನ್ನನ್ನು ಕಾವಲಿಗೆ ಕರೆಸಿದಳು. ಮಾಮಾ ಮಿಂದು, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಸಾಲಿನಲ್ಲಿ ನಿಂತರು. ರಕ್ತ ತೆಗೆಯುವವನು ಸೂಜಿ ಹಿಡಿದು ಕೇಳಿದ, "ಏನರ ತಿಂದೀರೇನ್ರಿ?"

"ಛೇ, ಇಲ್ರಿ. ಉಪವಾಸ ಅದೇನಿ. ಬರೇ ಒಂದ ತಾಟು ಸಾಬೂದಾನಿ ಕಿಚಡಿ, ನಾಕ ಶೇಂಗಾ ಉಂಡಿ, ಎರಡ ಬಾಳಿಹಣ್ಣು, ಒಂದ ಲೋಟಾ ಹಾಲು."

ಅವನು ಸೂಜಿ ಕೆಳಗಿಟ್ಟ. "ಮತ್ತ ಉಪವಾಸ ಇಲ್ಲದ ದಿನಾ ಏನ ತಿಂತೀರಿ?"

"ಉಪವಾಸ ಇಲ್ಲದ ದಿನಾ ಇಷ್ಟ ಯಾರ ತಿನ್ನಾಕ ಕೊಡತಾರ್ರೀ!"

ಸರಿ, ಬಿಪಿಯನ್ನಾದರೂ ನೋಡೋಣ ಎಂದು ಇನ್ನೊಂದು ಸಾಲಿಗೆ ಕಳಿಸಿದರು. ಮಾಮಾನ ಮುಂದೆ ನಾಲ್ಕೇ ಜನ ಇದ್ದರು. ಗಡಿಯಾರ ಎಂಟಕ್ಕೆ ಐದು ನಿಮಿಷ ತೋರಿಸಿತು. ಮಾಮಾ ಚಪ್ಪಲಿ ಹುಡುಕಿಕೊಂಡು ಮನೆಯತ್ತ ಓಡಿದರು. ನಾನು ಬೆನ್ನು ಹತ್ತಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಮಗ್ಗದ ಸಪ್ಪಳ ಶುರುವಾಗಿತ್ತು.

ಅದಾಗಿ ಹದಿನೈದು ದಿನಕ್ಕೆ, ನಾನು ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ, ದವಾಖಾನೆಯ ಸಿಸ್ಟರ್ ಒಬ್ಬರು ಬಿಪಿ ನೋಡುವ ಯಂತ್ರ ಹಿಡಿದು ಹತ್ತೂವರೆಗೆ ಮನೆಗೇ ಬಂದರು. ಯಾರು ಕರೆಸಿದರೋ! ಅಕ್ಕ ನಾನೆಂದುಕೊಂಡಳು, ನಾನು ಅಕ್ಕನೆಂದುಕೊಂಡೆ. ಮಾಮಾ ಎಂದಿನಂತೆ ಕುಣಿಯಲ್ಲಿದ್ದರು.

"ಎರಡ ನಿಮಿಷ ಕೈ ಸುಮ್ನ ಇಡ್ರಿ ಕಾಕಾ," ಎಂದರು ಸಿಸ್ಟರ್.

"ಕೈ ಖಾಲಿ ಇಲ್ಲವಾ. ಕಾಲಿಗೆ ಕಟ್ಟಾಕ ಬರೂದಿಲ್ಲೇನು?"

"ಕಾಲೂ ಖಾಲಿ ಇಲ್ಲಲ್ರಿ!"

ಸಿಸ್ಟರ್ ಗಟ್ಟಿ ಹೆಣ್ಣು, ಹೊಸ್ತಿಲಲ್ಲೇ ಕೂತುಬಿಟ್ಟರು. ಕಡೆಗೆ ಮಾಮಾ ನನ್ನತ್ತ ತಿರುಗಿ, "ಲೇ ಮಾಸ್ತರ, ಕುಣಿಗೆ ಇಳಿ. ಮಗ್ಗ ನಿಂದರಬಾರದು," ಎಂದರು. ನಾನೂ ನೇಕಾರರ ಮನೆಯವನೇ, ಆದರೆ ಲಾಳಿ ಮುಟ್ಟಿ ಇಪ್ಪತ್ತೈದು ವರ್ಷ ಆಗಿತ್ತು. ಆಚೆಯಿಂದ ಮಾಮಾ ಏಳುವುದು, ಈಚೆಯಿಂದ ನಾನು ಜಾರುವುದು, ನಡುವೆ ಎರಡು ಹೊಡೆತ ತಪ್ಪಿದವು. ನಾನು ಹಗ್ಗ ಜಗ್ಗಿದೆ, ಹಲಗೆ ಬಡಿದೆ. ಮೊದಲ ನಿಮಿಷದಲ್ಲೇ ಮೂರು ಎಳೆ ಹರಿದವು. ಮಾಮಾ ಕುಣಿಯ ಅಂಚಿಗೆ ಕೂತು ತೋಳು ಕೊಟ್ಟು, ಸಿಸ್ಟರ್ ಪಟ್ಟಿ ಸುತ್ತುವಾಗ ಅದನ್ನೂ ಹೆಬ್ಬೆರಳಲ್ಲಿ ತಿಕ್ಕಿ, "ಅರಿವಿ ಗಟ್ಟಿ ಐತಿ," ಎಂದರು.

ಸಿಸ್ಟರ್ ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ತೋಳು ಬದಲಿಸಿ ಮೂರನೇ ಸಲ ನೋಡಿದರು. "ನೂರಾ ತೊಂಬತ್ತರ ಮ್ಯಾಲೆ ಐತಿ ಕಾಕಾ. ಎದಿ ನೋವಾಗತೈತೇನು?"

"ಸಣ್ಣಗ ಮಾತಾಡವಾ," ಎಂದರು ಮಾಮಾ. ಅಂಥ ಮೆತ್ತನೆಯ ದನಿ ಅವರ ಬಾಯಿಂದ ನಾನು ಕೇಳಿರಲಿಲ್ಲ. "ಒಳಗ ಅವ್ವ ಅದಾಳ."

"ಇವತ್ತ ದೊಡ್ಡ ದವಾಖಾನಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ."

"ಹಗಲೊತ್ತಿನ್ಯಾಗ ಆಗೂದಿಲ್ಲವಾ. ನಮ್ಮಪ್ಪ ಇದ ಕುಣ್ಯಾಗ ಹೋದ. ಹನ್ನೊಂದು ಗಂಟೆಕ್ಕ ಮಗ್ಗ ನಿಂತ ಹೋತು. ಯಾಕ ನಿಂತಿತು ಅಂತ ಅವ್ವ ಬಂದು ನೋಡಿದ್ಲು. ಅವತ್ತಿಂದ ವ್ಯಾಳ್ಯಾ ಅಲ್ಲದ ವ್ಯಾಳ್ಯಾದಾಗ ಮಗ್ಗ ನಿಂತ್ರ ಆಕಿ ಗ್ವಾಡಿ ಹಿಡಕೊಂಡು ಎದ್ದು ಬರತಾಳ. ಆ ಮಾರಿ ನನಗ ನೋಡಾಕ ಆಗೂದಿಲ್ಲ."

ನಾನು ಹಲಗೆ ಬಡಿಯುತ್ತಲೇ ಇದ್ದೆ. ಬೀಗರ ಜಮಖಾನೆ, ಸಾಲು ಬಿಟ್ಟು ಓಡಿದ ಚಪ್ಪಲಿ, ನಾವು ನಕ್ಕ ನಗು ಎಲ್ಲ ನೆನಪಾಗಿ ನಾಚಿಕೆಯಾಯಿತು. ಅಷ್ಟರಲ್ಲಿ ಗೋಡೆಯಾಚೆ ರಾಟಿಯ ಸಪ್ಪಳ ನಿಂತಿತು.

ಆಯಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. "ಮಗ್ಗದಾಗ ಮಾಸ್ತರ ಅದಾನಲ್ಲ? ಎಳಿ ಎಲ್ಲಾ ಹರದ ಹಾಕಾಕತ್ತಾನ."

ಮಾಮಾ ಗಡಬಡಿಸಿ ಎದ್ದರು. "ಯವ್ವಾ, ಏನೂ ಇಲ್ಲ. ಸುಮ್ನ ಚಾ ಕುಡಿಯಾಕ..."

"ಸುಳ್ಳ ಹೇಳಬ್ಯಾಡ. ಸಿಸ್ಟರನ್ನ ಕರಿಸಿದಾಕಿ ನಾನ." ಆಯಿಯ ದನಿ ಏರಲಿಲ್ಲ. "ಎರಡ ತಿಂಗಳಾತು, ಊಟಾದ ಮ್ಯಾಲೆ ನಿನ್ನ ಮಗ್ಗ ದಣಿಯಾಕತ್ತೈತಿ. ಹತ್ತ ಹೊಡತ ಹೊಡಿತಿ, ಒಂದ ಬಿಡತಿ. ಆ ಒಂದರಾಗ ನೀ ಎದಿ ಹಿಡಕೋತಿ ಅಂತ ನನಗ ತಿಳಿಯೂದಿಲ್ಲೇನು?"

ಮಾಮಾ ಎದೆಯತ್ತ ಹೋಗಿದ್ದ ಕೈಯನ್ನು ಕೆಳಗಿಳಿಸಿದರು.

"ನಿಮ್ಮಪ್ಪನ ಮಗ್ಗಾನೂ ಹಿಂಗ ದಣದಿತ್ತು. ಕೇಳಿದ್ದೆ. ಗಂಡಸರಿಗೆ ಏನ ಹೇಳೂದು ಅಂತ ಸುಮ್ನ ಕುಂತೆ." ಆಯಿ ನನ್ನ ದಿಕ್ಕಿಗೆ ಮುಖ ತಿರುಗಿಸಿದರು. "ಮಾಸ್ತರ, ಮಗ್ಗ ನಿಂದರಸಪಾ. ನಾ ಇಲ್ಲೇ ಇದ್ದೇನಿ. ಅಂಜೂದಿಲ್ಲ."

ನಾನು ಹಗ್ಗ ಬಿಟ್ಟೆ. ಇನ್ನೂ ಹನ್ನೊಂದು ಆಗಿರಲಿಲ್ಲ. ಆ ಹೊತ್ತಿನಲ್ಲಿ ಆ ಮನೆ ಅಷ್ಟು ಸುಮ್ಮನಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ಎದುರು ಮನೆಯವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. "ಯಾಕ್ರೀ, ಮಗ್ಗ ಯಾಕ ನಿಂತಿತು?"

"ನನ್ನ ಮಗಾ ದವಾಖಾನಿಗೆ ಹೊಂಟಾನವಾ, ತಪಾಸಣಿಗೆ," ಎಂದರು ಆಯಿ. ಕೈ ಚಾಚಿ, ತಡವರಿಸಿ, ಮಗನ ಎದೆಯ ಮೇಲೆ ಅಂಗೈ ಇಟ್ಟರು. ಮಾಮಾ ಸಣ್ಣ ಹುಡುಗನ ಹಾಗೆ ನಿಂತುಕೊಂಡಿದ್ದರು.

ಗಾಬರಿಯಾಗಬೇಡಿ, ಮಾಮಾ ಈಗ ದಿನಕ್ಕೆ ಎರಡು ಗುಳಿಗೆ ನುಂಗಿಕೊಂಡು ಗಟ್ಟಿಯಾಗಿದ್ದಾರೆ. ಗುಳಿಗೆಯ ಪಟ್ಟಿಯ ಅಂಚು ಸೊಟ್ಟ ಇದೆ ಎಂದು ಅಂಗಡಿಯವನೊಡನೆ ಒಂದು ಜಗಳವನ್ನೂ ಮುಗಿಸಿದ್ದಾರೆ. ಆದರೆ ಅವತ್ತು ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತವರು ಜಮಖಂಡಿ ಮುಟ್ಟುವವರೆಗೂ ಒಂದು ತಪ್ಪನ್ನೂ ಹುಡುಕಲಿಲ್ಲ. ನನ್ನ ಅವ್ವ ಹೋಗಿ ಎಂಟು ವರ್ಷವಾಯಿತು. ಗೋಡೆಯಾಚೆ ಕೂತು ನನ್ನ ಒಂದು ಹೊಡೆತ ತಪ್ಪಿದ್ದನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂಬುದು ದಾರಿಯುದ್ದಕ್ಕೂ ಎದೆಯನ್ನು ಚುಚ್ಚುತ್ತಿತ್ತು.

ದವಾಖಾನೆಯಲ್ಲಿ ಚೀಟಿ ಬರೆಯುವವಳು ತಲೆ ಎತ್ತದೆ ಕೇಳಿದಳು, "ಒಬ್ಬರಿಗೇನ್ರಿ?"

"ಇಬ್ಬರಿಗೆ," ಎಂದೆ.